ಹಕ್ಕಿಯ ಸಾವು, ಆಳಿನ ಸಾವು: ಒಂದು ವಿಷದ ಚರಿತ್ರೆ

ನಮ್ಮ ಹಳ್ಳಿಗಳಲ್ಲಿ ಕ್ರಿಮಿನಾಶಕವನ್ನು ವಿಷ ಅಂತ ಯಾರೂ ಕರೆಯೋದಿಲ್ಲ. ಕೆಲವು ಕಡೆ ಅದು ಔಷಧಿ, ಕೆಲವು ಕಡೆ ಎಣ್ಣೆ, ಮತ್ತೆ ಕೆಲವು ಕಡೆ ಮದ್ದು. ‘ನಾಳೆ ಗದ್ದೆಗೆ ಔಷಧಿ ಹೊಡೀಬೇಕು, ಕೇರಿಯಿಂದ ಇಬ್ಬರು ಆಳಿಗೆ ಹೇಳಿ ಬಾ’ ಅನ್ನುತ್ತಾನೆ ಗೌಡ. ಅದೇ ಡಬ್ಬದ್ದು ಯಾರದೋ ಹೊಟ್ಟೆಗೆ ಹೋದ ದಿನ ಮಾತ್ರ ಅದರ ನಿಜವಾದ ಹೆಸರು ಹೊರಗೆ ಬರುತ್ತದೆ. ಆಗ ಪೊಲೀಸರು ಬರೆದುಕೊಳ್ಳುವುದು ‘ವಿಷ ಸೇವಿಸಿ’ ಅಂತ. ಬೆಳೆಯ ಮೇಲೆ ಬಿದ್ದರೆ ಔಷಧಿ, ಬಡವನ ಒಳಗೆ ಹೋದರೆ ವಿಷ. ಒಂದೇ ವಸ್ತುವಿಗೆ ಎರಡು ಹೆಸರು ಬಂದದ್ದರ ಹಿಂದೆ ಒಂದು ಚರಿತ್ರೆ ಇದೆ.

ಆ ಚರಿತ್ರೆಯ ಅರ್ಧವನ್ನು ಜಗತ್ತು ಬರೆದಿಟ್ಟುಕೊಂಡಿದೆ. ಯಾವ ಕೆರೆಯಲ್ಲಿ ಯಾವ ಹಕ್ಕಿ ಎಷ್ಟು ಸತ್ತವು, ಅವುಗಳ ಕೊಬ್ಬಿನಲ್ಲಿ ಎಷ್ಟು ವಿಷ ಸಿಕ್ಕಿತು, ಅವುಗಳ ಮೊಟ್ಟೆಯ ಚಿಪ್ಪು ಎಷ್ಟು ತೆಳ್ಳಗಾಯಿತು, ಎಲ್ಲಕ್ಕೂ ಲೆಕ್ಕ ಇದೆ. ಇನ್ನರ್ಧ, ಅಂದರೆ ಅದೇ ಹೊಲದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಅದೇ ವಿಷದ ಮಂಜಿನಲ್ಲಿ ನಡೆದವನ ಚರಿತ್ರೆ, ಬಹುಮಟ್ಟಿಗೆ ಬರೆಯದೆಯೇ ಉಳಿದಿದೆ. ಹಕ್ಕಿಗಾಗಿ ಅತ್ತವರು ತಪ್ಪು ಮಾಡಿದರು ಅಂತ ಈ ಮಾತಿನ ಅರ್ಥ ಅಲ್ಲ. ಹಕ್ಕಿಯ ಸಾವನ್ನೂ ಆಳಿನ ಸಾವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆದಷ್ಟು ಕಾಲವೂ ವಿಷ ಮಾರುವವನು ಒಂದು ಪುಸ್ತಕದಿಂದ ಇನ್ನೊಂದಕ್ಕೆ ನುಸುಳಿ ಪಾರಾಗುತ್ತಾ ಬಂದಿದ್ದಾನೆ. ಅದನ್ನು ತೋರಿಸುವುದಷ್ಟೇ ಈ ಬರಹದ ಕೆಲಸ.

1

ಇವತ್ತಿನ ಕ್ರಿಮಿನಾಶಕಗಳ ವಂಶಾವಳಿ ಯುದ್ಧದ ಮನೆಯಿಂದ ಹೊರಟಿದ್ದು. ಡಿಡಿಟಿ ಕೀಟಗಳನ್ನು ಕೊಲ್ಲುತ್ತದೆ ಎಂಬುದನ್ನು 1939ರಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ಪಾಲ್ ಮುಲ್ಲರ್ ಕಂಡುಹಿಡಿದ. ಎರಡನೇ ಮಹಾಯುದ್ಧದಲ್ಲಿ ಹೇನು, ಸೊಳ್ಳೆಗಳಿಂದ ಸೈನಿಕರನ್ನು ಕಾಪಾಡಲು ಅದನ್ನು ಬಳಸಿದರು. ಇಟಲಿಯ ನೇಪಲ್ಸ್ ನಗರದಲ್ಲಿ ಟೈಫಸ್ ಜ್ವರ ಹರಡಿದಾಗ ಜನರ ಮೈಮೇಲೆ, ಬಟ್ಟೆಯೊಳಗೆ ಡಿಡಿಟಿ ಪುಡಿ ಊದಿ ರೋಗ ನಿಲ್ಲಿಸಿದರು. 1948ರಲ್ಲಿ ಮುಲ್ಲರ್‌ಗೆ ವೈದ್ಯ ವಿಭಾಗದ ನೊಬೆಲ್ ಪ್ರಶಸ್ತಿ ಬಂತು.

ಇನ್ನೊಂದು ಕವಲು ಜರ್ಮನಿಯದು. ಐ.ಜಿ. ಫಾರ್ಬೆನ್ ಕಂಪನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಕೀಟಕ್ಕೆ ಮದ್ದು ಹುಡುಕುತ್ತಾ 1936ರಲ್ಲಿ ಮುಟ್ಟಿದ್ದು ಟಾಬುನ್ ಎಂಬ ವಸ್ತುವನ್ನು. ಅದು ಕೀಟಕ್ಕಿಂತ ಚೆನ್ನಾಗಿ ಮನುಷ್ಯರನ್ನು ಕೊಲ್ಲುತ್ತಿತ್ತು. ಹಿಟ್ಲರನ ಸೇನೆ ಅದನ್ನು ವಿಷಾನಿಲ ಮಾಡಿಕೊಂಡಿತು. ಅದೇ ರಂಜಕದ ವಿಷಗಳ ಕುಟುಂಬದಲ್ಲಿ 1944ರಲ್ಲಿ ಹುಟ್ಟಿದ್ದು ಪ್ಯಾರಾಥಿಯಾನ್. ನಮ್ಮ ಹಳ್ಳಿಗಳಿಗೆ ಅದು ಬಂದದ್ದು ‘ಫಾಲಿಡಾಲ್’ ಎಂಬ ಹೆಸರಿನಲ್ಲಿ. ಹಿಟ್ಲರನ ಕೊಲೆ ಶಿಬಿರಗಳಲ್ಲಿ ಯಹೂದಿಗಳನ್ನು ಸಾಯಿಸಿದ ಜೈಕ್ಲಾನ್ ಬಿ ಕೂಡ ಮೊದಲು ಹೇನು, ಇಲಿ, ತಿಗಣೆ ಕೊಲ್ಲಲು ಮಾರುತ್ತಿದ್ದ ಸರಕೇ. ಅದನ್ನು ಮಾರುತ್ತಿದ್ದ ಕಂಪನಿಯಲ್ಲೂ ಫಾರ್ಬೆನ್‌ಗೆ ಪಾಲಿತ್ತು. ಒಂದು ಜನವನ್ನು ಮೊದಲು ‘ಹುಳ’ ಅಂತ ಕರೆದು ಆಮೇಲೆ ಹುಳದ ಮದ್ದಿನಿಂದಲೇ ಮುಗಿಸಿದರು. ಮನುಷ್ಯರನ್ನು ಮುಟ್ಟಬಾರದವರು ಅಂತ ಕರೆದ ನಾಡಿನ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಮುಗಿಯಿತು, ಕಾರ್ಖಾನೆ ಮುಗಿಯಲಿಲ್ಲ. ಸೇನೆಗಾಗಿ ತಯಾರಾಗುತ್ತಿದ್ದ ಸರಕಿಗೆ ಹೊಸ ಗಿರಾಕಿ ಬೇಕಿತ್ತು. ಆ ಗಿರಾಕಿ ರೈತನಾದ.

2

ಹಕ್ಕಿಗಳು ಸಾಯುತ್ತಿವೆ ಎಂಬ ಸುದ್ದಿ ಮೊದಲು ಗಟ್ಟಿಯಾಗಿ ಬಂದದ್ದು ಅಮೆರಿಕದಿಂದ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರದಲ್ಲಿ ಕಚ್ಚದ ಒಂದು ಬಗೆಯ ನೊರಜಿನ ಕಾಟ. ಮೀನು ಹಿಡಿಯಲು, ವಿಹಾರಕ್ಕೆ ಬರುವವರಿಗೆ ಕಿರಿಕಿರಿ. ಅದಕ್ಕಾಗಿ 1949ರಲ್ಲಿ, ಮತ್ತೆ 1954, 1957ರಲ್ಲಿ ಡಿಡಿಟಿಯ ತಮ್ಮನಾದ ಡಿಡಿಡಿಯನ್ನು ನೀರಿಗೆ ಬೆರೆಸಿದರು. ಎರಡನೇ ಸಲ ಬೆರೆಸಿದ್ದು ಐದು ಕೋಟಿ ಪಾಲು ನೀರಿಗೆ ಒಂದು ಪಾಲು ವಿಷ. ಇಷ್ಟರಿಂದ ಏನಾದೀತು ಅಂದುಕೊಂಡರು.

ಆ ಸರೋವರದಲ್ಲಿ ಗ್ರೀಬ್ ಎಂಬ ಮುಳುಗುವ ಹಕ್ಕಿಗಳಿದ್ದವು, ನಮ್ಮ ಕೆರೆಗಳ ಗುಳುಮುಳುಕದ ಜಾತಿ. ಸಾವಿರಕ್ಕೂ ಹೆಚ್ಚು ಜೋಡಿ. ಅವು ಸಾಯತೊಡಗಿದವು. ಸತ್ತ ಹಕ್ಕಿಯ ಕೊಬ್ಬನ್ನು ಪರೀಕ್ಷಿಸಿದಾಗ ಹತ್ತು ಲಕ್ಷ ಪಾಲಿಗೆ 1600 ಪಾಲು ವಿಷ ಸಿಕ್ಕಿತು. ನೀರಿನಲ್ಲಿದ್ದದ್ದರ 80 ಸಾವಿರ ಪಟ್ಟು. ಹೇಗಾಯಿತು? ನೀರಿನ ವಿಷವನ್ನು ಕಣ್ಣಿಗೆ ಕಾಣದ ಪಾಚಿ, ಸಣ್ಣ ಜೀವಿಗಳು ಮೈಗೂಡಿಸಿಕೊಂಡವು. ಅವನ್ನು ಸಣ್ಣ ಮೀನು ತಿಂದಿತು, ಸಣ್ಣ ಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಹಕ್ಕಿ. ಈ ವಿಷ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಒಂದೊಂದು ಮೆಟ್ಟಿಲಿಗೂ ಅದು ಮಂದವಾಗುತ್ತಾ ಹೋಗುತ್ತದೆ. 1960ರ ಹೊತ್ತಿಗೆ ಉಳಿದದ್ದು ಸುಮಾರು 30 ಜೋಡಿ. ಅವು ಗೂಡು ಕಟ್ಟುತ್ತಿದ್ದವು, ಮರಿ ಕಾಣಿಸುತ್ತಿರಲಿಲ್ಲ.

ಮಿಶಿಗನ್ ರಾಜ್ಯದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಇನ್ನೊಂದು ಪಾಠ ನಡೆಯಿತು. ಎಲ್ಮ್ ಮರಗಳ ರೋಗ ಹರಡುವ ಜೀರುಂಡೆಯನ್ನು ಕೊಲ್ಲಲು 1954ರಿಂದ ಅಲ್ಲಿ ಡಿಡಿಟಿ ಹೊಡೆದರು. ಎಲೆ ಉದುರಿತು, ಎರೆಹುಳು ಆ ಎಲೆಯನ್ನು ತಿಂದಿತು, ಮರುವರ್ಷ ರಾಬಿನ್ ಹಕ್ಕಿ ಬಂದು ಆ ಎರೆಹುಳುವನ್ನು ತಿಂದು ನಡುಗಿ ನಡುಗಿ ಸತ್ತಿತು. ಜಾರ್ಜ್ ವಾಲೇಸ್ ಎಂಬ ಪ್ರಾಧ್ಯಾಪಕ, ಅವರ ವಿದ್ಯಾರ್ಥಿ ಜಾನ್ ಮೆಹ್ನರ್ ಇದನ್ನು ದಾಖಲಿಸಿದರು. ಹುಡುಗರು ತಮ್ಮ ಕಾಲೇಜಿನ ಅಂಗಳವನ್ನೇ ಕಣ್ಣಿಟ್ಟು ನೋಡಿದರೆ ಏನೆಲ್ಲ ಗೊತ್ತಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯದು ಮೊಟ್ಟೆಯ ಕಥೆ. ಇಂಗ್ಲೆಂಡಿನಲ್ಲಿ ಪೆರೆಗ್ರಿನ್ ಎಂಬ ಡೇಗೆ ಕಡಿಮೆಯಾಗುತ್ತಿತ್ತು. ಗೂಡಿನಲ್ಲಿ ಮೊಟ್ಟೆಗಳು ಒಡೆದು ಬಿದ್ದಿರುತ್ತಿದ್ದವು. ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಚಿಪ್ಪುಗಳನ್ನೂ ಹೊಸ ಚಿಪ್ಪುಗಳನ್ನೂ ತೂಗಿ ನೋಡಿದರು. ಯುದ್ಧ ಮುಗಿದು ಡಿಡಿಟಿ ಬಳಕೆಗೆ ಬಂದ ಕಾಲಕ್ಕೆ ಸರಿಯಾಗಿ ಚಿಪ್ಪು ತೆಳ್ಳಗಾಗಿತ್ತು. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಡಿಡಿಟಿ ಮೈಯೊಳಗೆ ಡಿಡಿಇ ಆಗುತ್ತದೆ. ಅದು ಚಿಪ್ಪಿಗೆ ಸುಣ್ಣ ಸೇರುವುದನ್ನು ತಡೆಯುತ್ತದೆ. ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತದೆ.

ರಾಟ್‌ಕ್ಲಿಫ್ ಚಿಪ್ಪು ತೂಗುವುದಕ್ಕೆ ಮೊದಲೇ, 1962ರಲ್ಲಿ, ರೇಚಲ್ ಕಾರ್ಸನ್ ಎಂಬ ವಿಜ್ಞಾನಿ ಅಲ್ಲಿಯವರೆಗಿನ ಸಾಕ್ಷ್ಯಗಳನ್ನೆಲ್ಲ ಜೋಡಿಸಿ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಪುಸ್ತಕ ಬರೆದಿದ್ದರು. ಹಕ್ಕಿಯ ದನಿಯಿಲ್ಲದ ವಸಂತ ಅಂತ ಅದರ ಅರ್ಥ. ಕಂಪನಿಗಳು ಆಕೆಯ ಮೇಲೆ ಬಿದ್ದವು. ಭಾವುಕ ಹೆಂಗಸು ಅಂದರು, ಕಮ್ಯುನಿಸ್ಟಳಿರಬೇಕು ಅಂದರು. ಕ್ಯಾನ್ಸರ್‌ನಿಂದ ನರಳುತ್ತಲೇ ಆಕೆ ಉತ್ತರ ಕೊಟ್ಟರು, 1964ರಲ್ಲಿ ತೀರಿಕೊಂಡರು. 1972ರಲ್ಲಿ ಅಮೆರಿಕ ತನ್ನ ಹೊಲಗಳಲ್ಲಿ ಡಿಡಿಟಿಯನ್ನು ನಿಷೇಧಿಸಿತು. ಹೊರದೇಶಗಳಿಗೆ ಮಾರಲು ಡಿಡಿಟಿ ತಯಾರಿಸುವುದು ಮಾತ್ರ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು.

ಒಂದು ಮಾತು ಗಮನಿಸಬೇಕು. ಕಾರ್ಸನ್ ಕೂಲಿಕಾರರನ್ನು ಮರೆತಿರಲಿಲ್ಲ. ಪ್ಯಾರಾಥಿಯಾನ್ ಹೊಡೆದ ತೋಟದಲ್ಲಿ ಕಿತ್ತಳೆ ಕೀಳುತ್ತಿದ್ದ ಆಳುಗಳು ಕುಸಿದು ಬಿದ್ದು ಆಸ್ಪತ್ರೆ ಸೇರಿದ ಸಂಗತಿ ಆ ಪುಸ್ತಕದಲ್ಲೇ ಇದೆ. ಆದರೆ ಓದಿದ ಮಧ್ಯಮ ವರ್ಗ ಪುಸ್ತಕದಿಂದ ಎತ್ತಿಕೊಂಡದ್ದು ಹಕ್ಕಿಯನ್ನು ಮಾತ್ರ. ತನ್ನ ಅಂಗಳಕ್ಕೆ ಬರುತ್ತಿದ್ದ ರಾಬಿನ್ ಅದಕ್ಕೆ ಗೊತ್ತಿತ್ತು. ತನ್ನ ಊಟದ ಮೇಜಿಗೆ ಹಣ್ಣು ಕಿತ್ತುಕೊಡುವ ಕೈ ಗೊತ್ತಿರಲಿಲ್ಲ.

3

ಆ ಕೈ ಯಾರದು? ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ ದುಡಿಯುತ್ತಿದ್ದವರು ಮೆಕ್ಸಿಕೋ ಮೂಲದವರು, ಫಿಲಿಪೈನ್ಸ್‌ನಿಂದ ಬಂದವರು. 1965ರ ಸೆಪ್ಟೆಂಬರಿನಲ್ಲಿ ಡೆಲಾನೊ ಎಂಬಲ್ಲಿ ಲ್ಯಾರಿ ಇಟ್ಲಿಯಾಂಗ್ ಮುಂದಾಳುತನದಲ್ಲಿ ಫಿಲಿಪಿನೊ ಕೂಲಿಗಳು ಮುಷ್ಕರ ಹೂಡಿದರು. ಸೀಸರ್ ಚಾವೆಜ್, ಡೊಲೊರೆಸ್ ಹ್ಯುಯರ್ಟಾ ಅವರ ಸಂಘಟನೆ ಜೊತೆಗೂಡಿತು. ಜನ ದ್ರಾಕ್ಷಿ ಕೊಳ್ಳುವುದನ್ನು ನಿಲ್ಲಿಸಿದರು. ಐದು ವರ್ಷ ಜಗ್ಗಾಡಿದ ಮೇಲೆ 1970ರಲ್ಲಿ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು.

ಆ ಒಪ್ಪಂದದಲ್ಲಿ ಕೂಲಿ ದರದ ಜೊತೆಗೆ ವಿಷದ ಮಾತೂ ಇತ್ತು: ಈ ತೋಟಗಳಲ್ಲಿ ಡಿಡಿಟಿ, ಆಲ್ಡ್ರಿನ್, ಡೈಎಲ್ಡ್ರಿನ್, ಎಂಡ್ರಿನ್ ಬಳಸಕೂಡದು. ಅಂದರೆ ಸರ್ಕಾರ ಡಿಡಿಟಿಯನ್ನು ನಿಷೇಧಿಸುವ ಎರಡು ವರ್ಷ ಮೊದಲೇ ಅನಕ್ಷರಸ್ಥ ಕೂಲಿಗಳ ಸಂಘ ತನ್ನ ತೋಟಗಳಲ್ಲಿ ಅದನ್ನು ನಿಷೇಧಿಸಿತ್ತು. ಪರಿಸರ ಉಳಿಸಿದವರ ಪಟ್ಟಿಯಲ್ಲಿ ಈ ಹೆಸರುಗಳು ಎಷ್ಟು ಪಾಠಪುಸ್ತಕದಲ್ಲಿವೆ? ನಮ್ಮ ಮೇಷ್ಟ್ರುಗಳು ಒಮ್ಮೆ ತೆಗೆದು ನೋಡಲಿ.

ಡಿಡಿಟಿ ಹೋದ ಜಾಗಕ್ಕೆ ಏನು ಬಂತು ಅನ್ನುವುದು ಇನ್ನೂ ಮುಖ್ಯ. ಬಂದದ್ದು ಪ್ಯಾರಾಥಿಯಾನ್ ಮತ್ತು ಅದರ ಕುಲದವು, ಶ್ರಾಡರ್ ಹುಟ್ಟಿಸಿದ ರಂಜಕದ ವಿಷಗಳು. ಇವು ಡಿಡಿಟಿಯ ಹಾಗೆ ವರ್ಷಗಟ್ಟಲೆ ಮಣ್ಣಲ್ಲಿ ಕೂರುವುದಿಲ್ಲ, ಬೇಗ ಒಡೆದು ಹೋಗುತ್ತವೆ. ಡೇಗೆಯ ಮೊಟ್ಟೆಗೆ ಅದು ಒಳ್ಳೆಯದೇ. ಆದರೆ ಒಡೆದು ಹೋಗುವ ಮೊದಲು ಚರ್ಮಕ್ಕೆ ತಾಕಿದರೆ, ಉಸಿರಿಗೆ ಸಿಕ್ಕರೆ, ನೇರವಾಗಿ ನರಮಂಡಲಕ್ಕೆ ಹೊಡೆಯುತ್ತವೆ. ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಮಾಂಸಖಂಡಗಳ ಅದುರು, ಕೊನೆಗೆ ಉಸಿರು ನಿಲ್ಲುತ್ತದೆ. ಡಿಡಿಟಿ ನಿಧಾನವಾಗಿ ದೂರದ ಹಕ್ಕಿಯನ್ನು ಕೊಲ್ಲುತ್ತಿತ್ತು. ಪ್ಯಾರಾಥಿಯಾನ್ ಬೇಗನೆ ಹತ್ತಿರದ ಆಳನ್ನು ಕೊಂದಿತು. ಹಕ್ಕಿಯ ಲೆಕ್ಕವನ್ನಷ್ಟೇ ನೋಡಿದವರಿಗೆ ಇದು ಗೆಲುವಾಗಿ ಕಂಡಿತು. ಡಬ್ಬ ಬದಲಾಗಿತ್ತು, ಮಾರುವವನು ಬದಲಾಗಿರಲಿಲ್ಲ.

4

ಇನ್ನು ನಮ್ಮ ನೆಲಕ್ಕೆ ಬರೋಣ. ಡಿಡಿಟಿ ಭಾರತಕ್ಕೆ ಬಂದದ್ದು ಮಲೇರಿಯಾ ಹೆಸರಲ್ಲಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1954ರಲ್ಲಿ ಡಿಡಿಟಿ ತಯಾರಿಸಲು ಸರ್ಕಾರವೇ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕಂಪನಿ ಸ್ಥಾಪಿಸಿತು. ಚಳಿಜ್ವರದಿಂದ ಊರಿಗೆ ಊರೇ ಹಾಳು ಬೀಳುತ್ತಿದ್ದ ಮಲೆನಾಡಿನಲ್ಲಿ ಗೋಡೆಗೆ ಹೊಡೆದ ಬಿಳಿ ಪುಡಿ ಜೀವ ಉಳಿಸಿದ್ದು ಸುಳ್ಳಲ್ಲ. 1960ರ ದಶಕದ ನಡುವಿಗೆ ದೇಶದಲ್ಲಿ ಮಲೇರಿಯಾ ಪ್ರಕರಣಗಳು ಒಂದು ಲಕ್ಷದ ಸುಮಾರಿಗೆ ಇಳಿದಿದ್ದವು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷಕ್ಕೆ ಏರಿತು. ಸೊಳ್ಳೆಗೆ ಡಿಡಿಟಿ ಒಗ್ಗಿಹೋಗಿತ್ತು. ಹಾಗೆ ಒಗ್ಗಿಸಿದ ಕಾರಣಗಳಲ್ಲಿ ಹತ್ತಿ, ಭತ್ತದ ಹೊಲಗಳಿಗೆ ಸುರಿದ ವಿಷವೂ ಒಂದು. ಬಡವನ ಗುಡಿಸಲಿಗೆ ಬೇಕಾದ ಮದ್ದನ್ನು ವ್ಯಾಪಾರದ ಬೆಳೆಗೆ ಸುರಿದು ಕೆಡಿಸಿದರು. ಕೃಷಿಯಲ್ಲಿ ಡಿಡಿಟಿ ನಿಷೇಧವಾಗಲು 1989 ಬರಬೇಕಾಯಿತು.

1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ತಿಂಡಿ ಪದಾರ್ಥದ ಜೊತೆಗೇ ಸಾಗಿಸಿದ ಫಾಲಿಡಾಲ್ ಸೋರಿ ಗೋಧಿ ಹಿಟ್ಟಿಗೆ ಸೇರಿತ್ತು. ಅದರ ವಿಚಾರಣೆ ನಡೆದು, ಶಿಫಾರಸುಗಳು ಬಂದು, ಕೀಟನಾಶಕ ಕಾಯ್ದೆ ಆದದ್ದು 1968ರಲ್ಲಿ, ನಿಯಮಗಳು ಬಂದದ್ದು 1971ರಲ್ಲಿ. ಈ ನಡುವೆ ಹಸಿರು ಕ್ರಾಂತಿ ಬಂತು. ಐಆರ್-8 ಭತ್ತ, ಹೈಬ್ರಿಡ್ ಜೋಳ, ಅವುಗಳ ಹಿಂದೆ ಗೊಬ್ಬರ, ಗೊಬ್ಬರದ ಹಿಂದೆ ಹುಳ, ಹುಳದ ಹಿಂದೆ ಡಬ್ಬ. ಜಮೀನಿದ್ದವನಿಗೆ ಇಳುವರಿ ಬಂತು. ಜಮೀನಿಲ್ಲದವನ ಬೆನ್ನಿಗೆ ಪಂಪು ಬಂತು.

ಕೇರಿಗೆ ಗದ್ದೆ ಬರೀ ಕೂಲಿಯ ಜಾಗ ಅಲ್ಲ, ಅದು ಅಡುಗೆಮನೆಯೂ ಹೌದು. ಬದುವಿನ ಸೊಪ್ಪು, ಗದ್ದೆಯ ಏಡಿ, ಕಾಲುವೆಯ ಸಣ್ಣಮೀನು, ಇವು ಕಾಸಿಲ್ಲದೆ ಸಿಗುವ ಸಾರು. ಬೆಳ್ಳಕ್ಕಿ ನಿಂತು ಹೆಕ್ಕುವ ಕೆಸರಲ್ಲೇ ನಮ್ಮ ಹೆಣ್ಣುಮಕ್ಕಳು ಬಾಗಿ ಏಡಿ ಹುಡುಕಿದ್ದು. 1970ರ ದಶಕದ ನಡುವಿನಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದೆ ತೆವಳಿದರು. ಬಿದ್ದವರು ಚನ್ನಂಗಿ, ಚಲವಾದಿ ಜನ, ದಲಿತರು. ಗದ್ದೆಗೆ ಹೊಡೆದ ಎಂಡ್ರಿನ್, ಪ್ಯಾರಾಥಿಯಾನ್ ಸೇರಿದ ಏಡಿ ತಿಂದದ್ದೇ ಕಾರಣ ಇರಬಹುದೆಂಬ ಅನುಮಾನ ಆಗ ಬಲವಾಗಿತ್ತು. ವೈದ್ಯ ಸಂಶೋಧನೆ ಕೊನೆಗೆ ಅದು ವಂಶಪಾರಂಪರ್ಯ ಕಾಯಿಲೆ ಎಂಬ ತೀರ್ಮಾನಕ್ಕೆ ಬಂತು. ಏಡಿಯ ಅನುಮಾನ ರುಜುವಾತಾಗಲಿಲ್ಲ. ಅದನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತೊಂದಿದೆ. ಆ ಅನುಮಾನ ಹುಟ್ಟಿದ್ದರಿಂದಲೇ ಈ ನಾಡು ಮೊದಲ ಸಲ ಒಂದು ಸರಿಯಾದ ಪ್ರಶ್ನೆ ಕೇಳಿತು: ಗದ್ದೆಗೆ ಬಿದ್ದ ವಿಷ ಯಾರ ಊಟಕ್ಕೆ ಹೋಗುತ್ತದೆ? ಕಾಯಿಲೆಗೆ ಬೇರೆ ಕಾರಣ ಸಿಕ್ಕಿತು ಅಂತ ಆ ಪ್ರಶ್ನೆಯನ್ನೂ ಕೈಬಿಟ್ಟದ್ದು ಅನ್ಯಾಯ. ಕೆರೆಯಲ್ಲಿ ವಿಷ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗುತ್ತದೆ. ನಮ್ಮ ಸಮಾಜದಲ್ಲಿ ಅದು ಜಾತಿಯ ಮೆಟ್ಟಿಲು ಇಳಿದು ಕೆಳಕ್ಕೆ ಬರುತ್ತದೆ.

ಭೋಪಾಲವನ್ನೂ ಇಲ್ಲೇ ನೆನೆಯಬೇಕು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿ ಸಾವಿರಾರು ಜನರನ್ನು ಕೊಂದ ಅನಿಲ ಸೆವಿನ್ ಎಂಬ ಕ್ರಿಮಿನಾಶಕ ತಯಾರಿಸಲು ಇಟ್ಟದ್ದು. ಸತ್ತವರಲ್ಲಿ ಹೆಚ್ಚಿನವರು ಕಾರ್ಖಾನೆಯ ಗೋಡೆಯ ಆಚೆಬದಿಯ ಗುಡಿಸಲುಗಳವರು.

5

ಹಕ್ಕಿಯನ್ನೂ ಮನುಷ್ಯನನ್ನೂ ಬೇರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಭರತಪುರಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಕೇವಲಾದೇವ ಘಾನಾ ಎಂಬ ಅಲ್ಲಿನ ಜೌಗು ಒಂದು ಕಾಲಕ್ಕೆ ಮಹಾರಾಜರ ಬೇಟೆಯ ಮೈದಾನ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೊ ಬಂದ ದಿನ ಒಂದೇ ದಿನದಲ್ಲಿ 4273 ಹಕ್ಕಿ ಹೊಡೆದರು. ಆ ಲೆಕ್ಕವನ್ನು ಹೆಮ್ಮೆಯಿಂದ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ.

ಅರಸರು ಹೋದರು, ಜೌಗು ರಾಷ್ಟ್ರೀಯ ಉದ್ಯಾನವಾಯಿತು. ಹಕ್ಕಿಗಳಿಗೆ ಅಪಾಯ ಯಾರಿಂದ ಅಂತ ಸರ್ಕಾರ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಸುತ್ತಣ ಹಳ್ಳಿಗರ ಎಮ್ಮೆಗಳು. ತಲೆತಲಾಂತರದಿಂದ ಅಲ್ಲಿ ಮೇಯುತ್ತಿದ್ದ ದನಗಳನ್ನು ತಡೆದರು. 1982ರ ನವೆಂಬರಿನಲ್ಲಿ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಆಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿ ಕಂಡುಕೊಂಡದ್ದೇನು? ಎಮ್ಮೆಗಳು ಹೋದ ಮೇಲೆ ಹುಲ್ಲು ಬೆಳೆದು ನೀರನ್ನು ಮುಚ್ಚಿತು, ನೀರುಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಎಮ್ಮೆ ಮೇಯುವುದರಿಂದ ಹಕ್ಕಿಗೆ ಉಪಕಾರವೇ ಆಗುತ್ತಿತ್ತು.

ಇತ್ತ ಗುಂಡಿಟ್ಟು ಕಾದ ಬೇಲಿಯನ್ನು ವಿಷ ಆರಾಮಾಗಿ ದಾಟುತ್ತಿತ್ತು. 1987ರಿಂದ 1990ರ ನಡುವೆ ಆ ಉದ್ಯಾನದ ಒಳಗೂ ಸುತ್ತಲೂ 18 ಸಾರಸ ಕೊಕ್ಕರೆಗಳು ಸತ್ತು ಬಿದ್ದವು, ಜೊತೆಗೆ ಕಾಳು ತಿನ್ನುವ ಬೆಳವ, ಪಾರಿವಾಳಗಳು. ಆಳೆತ್ತರದ, ಜೋಡಿ ಬಿಡದ ಹಕ್ಕಿ ಸಾರಸ. ಸತ್ತ ಹಕ್ಕಿಗಳಲ್ಲಿ ಸಿಕ್ಕಿದ್ದು ಆಲ್ಡ್ರಿನ್, ಸುತ್ತಲ ಹೊಲಗಳಲ್ಲಿ ಬಿತ್ತನೆಯ ಕಾಲಕ್ಕೆ ಬಳಸುತ್ತಿದ್ದ ವಿಷ. ಬಿತ್ತನೆ ಬೀಜಕ್ಕೆ ಆಲ್ಡ್ರಿನ್, ಡೈಎಲ್ಡ್ರಿನ್ ಹಚ್ಚಿದರೆ ಕಾಳು ತಿನ್ನುವ ಹಕ್ಕಿ ರಾಶಿಗಟ್ಟಲೆ ಸಾಯುತ್ತದೆ ಅಂತ ಇಂಗ್ಲೆಂಡಿಗೆ 1960ರ ಸುಮಾರಿಗೇ ಗೊತ್ತಾಗಿತ್ತು. 1962ರ ಹೊತ್ತಿಗೆ ಅಲ್ಲಿ ವಸಂತದ ಬಿತ್ತನೆಗೆ ಅದನ್ನು ಬಿಟ್ಟಿದ್ದರು. ಕಾಲು ಶತಮಾನ ಕಳೆದ ಮೇಲೂ ಅದೇ ಡಬ್ಬ ನಮ್ಮ ಅಂಗಡಿಯಲ್ಲಿತ್ತು. ಎಮ್ಮೆ ಕಾಯುವವನ ಎದೆಗೆ ಗುರಿಯಿಟ್ಟ ಸರ್ಕಾರ ಆಲ್ಡ್ರಿನ್ ಮಾರುವವನ ಲೈಸೆನ್ಸಿಗೆ ಮುದ್ರೆ ಒತ್ತುತ್ತಾ ಕೂತಿತ್ತು.

6

ಕಾಸರಗೋಡಿನ ಕಥೆಯನ್ನು ಕನ್ನಡದವರಿಗೆ ಹೆಚ್ಚು ಹೇಳಬೇಕಿಲ್ಲ. ಎಣ್ಮಕಜೆ, ಪಡ್ರೆ, ಸ್ವರ್ಗ, ವಾಣಿನಗರ, ಇವು ಕನ್ನಡ, ತುಳು ಮಾತಾಡುವ ಊರುಗಳು. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಸರ್ಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ ಅಲ್ಲಿನ ಗುಡ್ಡಗಳ ಗೇರು ತೋಪಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗೇರಿನ ಚಿಗುರು ಹೀರುವ ಒಂದು ಸಣ್ಣ ಕೀಟದ ಸಲುವಾಗಿ ಕಣಿವೆಯ ಮನೆ, ಬಾವಿ, ತೊರೆ, ಶಾಲೆ ಎಲ್ಲದರ ಮೇಲೂ ವಿಷದ ಮಳೆ. ಬಾವಿ ಮುಚ್ಚಿಕೊಳ್ಳಿ ಅಂತ ಜನರಿಗೆ ಹೇಳುತ್ತಿದ್ದರು. ಗುಡ್ಡದ ಸುರಂಗದಿಂದ ನೀರು ಹರಿಸಿಕೊಳ್ಳುವ ಊರಿನಲ್ಲಿ ಯಾವುದನ್ನು ಮುಚ್ಚುವುದು?

ಜೇನು ಕಾಣೆಯಾಯಿತು, ಕಪ್ಪೆ, ಮೀನು ಸತ್ತವು, ಹಕ್ಕಿಗಳು ಕಡಿಮೆಯಾದವು ಅಂತ ಅಲ್ಲಿನ ಜನ ಮೊದಲಿಂದ ಹೇಳುತ್ತಿದ್ದರು. ಊರಿನವರೇ ಆದ ಪತ್ರಕರ್ತ ಶ್ರೀಪಡ್ರೆ ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಆರಂಭದ ವರ್ಷಗಳಲ್ಲೇ ಬರೆದರು. ಹಕ್ಕಿ, ಜೇನು, ಕರು ಹೇಳಿದ ಸಾಕ್ಷಿಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಮಕ್ಕಳು ಹುಟ್ಟತೊಡಗಿದರು. ತಲೆ ದೊಡ್ಡದಾದ, ಕೈಕಾಲು ತಿರುಚಿದ, ಬುದ್ಧಿ ಬೆಳೆಯದ ಮಕ್ಕಳು. ಡಾಕ್ಟರ್ ವೈ.ಎಸ್. ಮೋಹನಕುಮಾರ್ ತಮ್ಮ ಹಳ್ಳಿಯ ದವಾಖಾನೆಯಲ್ಲಿ ಕೂತು ಮನೆಮನೆಯ ಕಾಯಿಲೆಗಳನ್ನು ಗುರುತು ಹಾಕಿಕೊಂಡರು. ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಸಮಿತಿಯ ಮೇಲೆ ಸಮಿತಿ ಬಂತು. ಒಂದು ಎಂಡೋಸಲ್ಫಾನೇ ಕಾರಣ ಅಂದಿತು, ಇನ್ನೊಂದು ಪುರಾವೆ ಸಾಲದು ಅಂದಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿಷೇಧಿತ ಪಟ್ಟಿಗೆ ಸೇರಿಸಿದವು. ಆ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಮಾರಾಟ, ಬಳಕೆಗೆ ತಡೆ ಹಾಕಿತು. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸುತ್ತಮುತ್ತ ಗೇರು ತೋಪಿಗೆ ಇದೇ ವಿಷ ಸುರಿದದ್ದು ನಮ್ಮದೇ ರಾಜ್ಯದ ನಿಗಮ. ಇಲ್ಲಿನ ಮಕ್ಕಳ ಕಥೆಯೂ ಅದೇ.

7

ಕೊನೆಯದಾಗಿ ಒಂದೇ ಒಂದು ಡಬ್ಬದ ಜಾಡು ಹಿಡಿದು ಹೋಗೋಣ. ಡಬ್ಬದ ಹೆಸರು ಮೊನೊಕ್ರೊಟೊಫಾಸ್, ರಂಜಕದ ವಿಷಗಳ ಕುಟುಂಬದ್ದು. 1995-96ರಲ್ಲಿ ಅರ್ಜೆಂಟೀನಾದ ಹೊಲಗಳಲ್ಲಿ ಮಿಡತೆ ಕೊಲ್ಲಲು ಇದನ್ನು ಹೊಡೆದರು. ಉತ್ತರ ಅಮೆರಿಕದಿಂದ ಅಲ್ಲಿಗೆ ವಲಸೆ ಬರುವ ಸ್ವೈನ್‌ಸನ್ ಗಿಡುಗಗಳು ಆ ಮಿಡತೆ ತಿಂದು ಮರದ ಕೆಳಗೆ ರಾಶಿ ಬಿದ್ದವು. ಎಣಿಸಿದ ಹೆಣಗಳೇ ಸುಮಾರು 5000. ಅಮೆರಿಕದ ವಿಜ್ಞಾನಿಗಳು ಓಡಿ ಬಂದರು, ಕಂಪನಿ ಮಾತುಕತೆಗೆ ಕೂತಿತು, ಅಲ್ಲಿಂದ ಆ ವಿಷವನ್ನು ಹಿಂದಕ್ಕೆ ಪಡೆಯಿತು. ಒಳ್ಳೆಯದಾಯಿತು.

ಅದೇ ವಿಷ ನಮ್ಮಲ್ಲಿ ಮಾರಾಟವಾಗುತ್ತಲೇ ಇತ್ತು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆದ ರೈತರು, ಕೂಲಿಗಳಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು, ಹೊಡೆದದ್ದು ಹೊಡೆದವನ ಮುಖಕ್ಕೇ ಬರುತ್ತಿತ್ತು. ಅವರು ಹೊಡೆದ ವಿಷಗಳಲ್ಲಿ ಮೊನೊಕ್ರೊಟೊಫಾಸ್ ಒಂದು. ಕೇಂದ್ರ ಸರ್ಕಾರ ಅದರ ಬಳಕೆಯಲ್ಲಿದ್ದ ದ್ರಾವಣವನ್ನು ನಿಲ್ಲಿಸುವ ಆದೇಶ ಹೊರಡಿಸಿದ್ದು 2023ರಲ್ಲಿ, ಆಗಲೂ ಹಳೆಯ ದಾಸ್ತಾನು ಮಾರಿಕೊಳ್ಳಲು ಗಡುವು ಕೊಟ್ಟು. ಅಮೆರಿಕದ ಗಿಡುಗ ಸತ್ತಾಗ ಕಂಪನಿ ಒಂದೆರಡು ವರ್ಷದಲ್ಲಿ ಬಗ್ಗಿತು. ನಮ್ಮ ಮಕ್ಕಳು, ನಮ್ಮ ಕೂಲಿಗಳು ಸತ್ತ ಮೇಲೆ ಬೇಕಾದದ್ದು ಹತ್ತು ವರ್ಷ. ಗಿಡುಗದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಗಿಡುಗಕ್ಕೆ ಸಿಕ್ಕ ಲೆಕ್ಕ ಕೇರಿಯವನಿಗೂ ಸಿಗಬೇಕು ಅಂತ ಕೇಳುತ್ತಿದ್ದೇನೆ.

8

ಕಾನೂನು ಇಲ್ಲವೆಂದಲ್ಲ. 1971ರ ಕೀಟನಾಶಕ ನಿಯಮಗಳ 39ನೇ ನಿಯಮ ವಿಷ ಮುಟ್ಟುವ, ಸಾಗಿಸುವ, ಸಿಂಪಡಿಸುವ ಪ್ರತಿಯೊಬ್ಬನಿಗೂ ರಕ್ಷಣೆಯ ಉಡುಪು ಇರಬೇಕು ಅನ್ನುತ್ತದೆ. ಬನಿಯನ್ನು, ಪಂಚೆ, ಬರಿಗಾಲು, ಮೂಗಿಗೆ ಒಂದು ಟವೆಲ್ಲು, ಇದೇ ನಮ್ಮವರ ರಕ್ಷಣೆಯ ಉಡುಪು. ಡಬ್ಬದ ಮೇಲೆ ಕೆಂಪು ತ್ರಿಕೋನ, ಬುರುಡೆ ಇರುತ್ತದೆ. ಓದಲು ಬಾರದವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾದವನು ಅಂಗಡಿಯವನು. ಆದರೆ ಅವನೇ ಸಾಲ ಕೊಡುವವನು, ಅವನೇ ಬೆಳೆಯ ಡಾಕ್ಟರು, ಅವನೇ ಕಂಪನಿಯ ಏಜೆಂಟು. ದರಖಾಸ್ತಿನಲ್ಲಿ ಎರಡೆಕರೆ ಸಿಕ್ಕ ನಮ್ಮವನೂ ಇವತ್ತು ಅದೇ ಅಂಗಡಿಯ ಮುಂದೆ ಕೈಕಟ್ಟಿ ನಿಂತು ಅವನು ಕೊಟ್ಟ ಡಬ್ಬವನ್ನೇ ತಂದು ತನ್ನ ಹೆಂಡತಿ ಮಕ್ಕಳ ಎದುರು ಹೊಡೆಯುತ್ತಾನೆ.

1968ರ ಕಾಯ್ದೆಯ 26ನೇ ಕಲಮು ಇನ್ನೂ ಮುಖ್ಯ. ಕೀಟನಾಶಕದಿಂದ ವಿಷವೇರಿದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ ಆದೇಶ ಹೊರಡಿಸಬಹುದು ಅನ್ನುತ್ತದೆ ಅದು. ‘ಹೊರಡಿಸಬೇಕು’ ಅನ್ನುವುದಿಲ್ಲ, ‘ಹೊರಡಿಸಬಹುದು’ ಅನ್ನುತ್ತದೆ. ಕೂಲಿಯವನ ಸಾವು ಲೆಕ್ಕಕ್ಕೆ ಬರುವುದೂ ಬಾರದಿರುವುದೂ ಆ ಒಂದು ‘ಬಹುದು’ವಿನಲ್ಲಿ ಸಿಕ್ಕಿಕೊಂಡಿದೆ. ಅದನ್ನು ‘ಬೇಕು’ ಮಾಡಿಸುವುದು ನಮ್ಮ ಹೋರಾಟದ ಒಂದು ಹಕ್ಕೊತ್ತಾಯ ಆಗಬೇಕು.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ಮಿಶಿಗನ್ನಿನಲ್ಲಿ ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ ಸಾಕಾಯಿತು. ಪಡ್ರೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ಪತ್ರಕರ್ತ ಶುರು ಮಾಡಿದರು. ಪ್ರತಿ ಹಳ್ಳಿಯ ಶಾಲೆಯಲ್ಲೂ ಒಂದು ನೋಟ್‌ಬುಕ್ ಇಡಬಹುದು. ಯಾವ ತಾರೀಕು, ಯಾರ ಹೊಲ, ಯಾವ ಡಬ್ಬ, ತ್ರಿಕೋನದ ಬಣ್ಣ ಯಾವುದು. ಹೊಡೆದವನು ಯಾರು, ಕೊಟ್ಟ ಕೂಲಿ ಎಷ್ಟು, ಮೈಮೇಲೆ ಏನಿತ್ತು, ಸಂಜೆ ತಲೆ ಸುತ್ತಿತೇ, ವಾಂತಿ ಆಯಿತೇ, ಆಸ್ಪತ್ರೆಗೆ ಹೋದನೇ. ಮರುದಿನ ಆ ಹೊಲದಲ್ಲಿ ಸತ್ತ ಬೆಳ್ಳಕ್ಕಿ, ಗೊರವಂಕ, ಗುಬ್ಬಿ ಎಷ್ಟು, ಏಡಿ, ಕಪ್ಪೆ ಎಷ್ಟು. ಹಕ್ಕಿಗೆ ಒಂದು ಪುಸ್ತಕ, ಆಳಿಗೆ ಒಂದು ಪುಸ್ತಕ ಬೇಡ. ಎರಡನ್ನೂ ಒಂದೇ ಪುಟದಲ್ಲಿ ಬರೆಯಿರಿ, ಡಬ್ಬದ ಹೆಸರನ್ನು ಆ ಪುಟದ ತಲೆಯ ಮೇಲೆ ಬರೆಯಿರಿ. ಹತ್ತು ಹಳ್ಳಿಯ ಹತ್ತು ಪುಸ್ತಕ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಬಿದ್ದ ದಿನ ಪುರಾವೆ ಸಾಲದು ಅನ್ನುವ ಸಮಿತಿಗೆ ಉತ್ತರ ನಮ್ಮ ಕೈಯಲ್ಲಿ ಇರುತ್ತದೆ.